ಮಿಂಚು ಆರಿದ ಮೇಲೆ

ಟಾರ್ಟು ಆಸ್ಪತ್ರೆಯ ನೆಲಮಾಳಿಗೆ, ರಾತ್ರಿ ಎರಡೂವರೆ.
ಟ್ಯೂಬಿನ ಮೇಲೆ ಹೆಸರು: ಉಸ್ತಿನ್ಯಾ, ಎಪ್ಪತ್ತೊಂದು,
ಪೈಪುಸ್ ಸರೋವರದ ದಂಡೆಯ ಈರುಳ್ಳಿಯವಳು.
'ಬುಟ್ಟಿ ಎತ್ತಿದೆ, ಭುಜ ಹಿಡಕೊಂಡಿದೆ, ಅಷ್ಟೇ'
ಅಂದಳಂತೆ ಮೇಲೆ, ನರ್ಸಿಗೆ,
ಜಡೆ ಹೆಣೆದ ಈರುಳ್ಳಿ ಸರವನ್ನು ಮಡಿಲಿಂದ ಇಳಿಸದೆ.

ನನ್ನ ಕೈಗೆ ಬಂದದ್ದು ಬರೀ ಹಳದಿ ತಿಳಿ,
ಕೆಂಪೆಲ್ಲ ತಳಕ್ಕಿಳಿದ ಮೇಲಿನದು.
ಗುಳಿಯೊಳಗೆ ಪ್ರತಿಕಾಯಗಳು ಹೊಂಚು ಹಾಕಿವೆ,
ನೊಂದ ಹೃದಯ ಉದುರಿಸಿದ ಚೂರೇನಾದರೂ
ತೇಲಿ ಬಂದರೆ ಹಿಡಿಯಲು.
ಸಿಕ್ಕಿದ್ದರ ಬೆನ್ನಿಗೆ ಯುರೋಪಿಯಂ ಕಟ್ಟಲು
ಇನ್ನೊಂದು ದಂಡು.
ತೊಳೆ. ಮತ್ತೆ ತೊಳೆ. ಅಂಟದ್ದು ಹೋಗಲಿ.

ಆಮೇಲೆ ಒಂದು ಮಿಂಚು.
ಮಿಂಚಿಗೆ ಎಲ್ಲವೂ ನಡುವೆ ಬಾಯಿ ಹಾಕುತ್ತವೆ:
ಪ್ಲಾಸ್ಟಿಕ್ಕು, ರಕ್ತದ ಹಳದಿ, ನಿನ್ನೆ ನುಂಗಿದ ಮಾತ್ರೆ.
ಆಗ ಎಣಿಸಬಾರದು,
ಪಿರೆಟ್ ಹೇಳಿಕೊಟ್ಟದ್ದು ಹೀಗೆ.
ಯಂತ್ರ ಕಣ್ಣು ಮುಚ್ಚಿ ಕಾಯುತ್ತದೆ
ಸೆಕೆಂಡಿನ ಸಾವಿರದೊಂದು ಪಾಲಿನಲ್ಲಿ ಅರ್ಧಕ್ಕೂ ಕಡಿಮೆ.
ಅಷ್ಟರಲ್ಲಿ ಮಾತಿನಮಲ್ಲರೆಲ್ಲ ತಣ್ಣಗಾಗುತ್ತಾರೆ.
ಆಮೇಲೂ ಯಾವುದಾದರೂ ಕೆಂಪಗೆ ಕೂತಿದ್ದರೆ
ಅದನ್ನು ಎಣಿಸು.

ಮೊದಲ ಸಲ ಹದಿನಾಲ್ಕು.
ಭುಜವೇ ಇರಬೇಕು ಅಂದುಕೊಂಡು ಕಾಫಿ ಕಾಸಿದೆ.
ಐದೂವರೆಗೆ ಎರಡನೆಯ ಟ್ಯೂಬು,
ಅದೇ ಹಳದಿ, ಅದೇ ಮಿಂಚು,
ಕಾಯುವುದು ಮಾತ್ರ ಯಾಕೋ ಉದ್ದವಾಯಿತು.
ಇನ್ನೂರ ಆರು.

ಫೋನಿನಲ್ಲಿ ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡರು.
ಅವರ ಹಿಂದೆ ಸ್ಟ್ರೆಚರಿನ ಗಾಲಿ, ಓಡುವ ಬೂಟು,
ನಡುವೆ ರಷ್ಯನ್ನಿನಲ್ಲಿ ಒಂದು ಮುದಿ ದನಿ:
ಸರ ನೆಲಕ್ಕಿಡಬೇಡ ಮಗಾ,
ತೇವ ಹಿಡಿಯುತ್ತೆ.