ಸೋಪು ಹಾಕದೆ

ಮಾನಸಗಂಗೋತ್ರಿಯ ಮೂರನೇ ಮಹಡಿ,
ಬೆಳಗಿನ ಜಾವ ಮೂರು ಹತ್ತು.
ಮೂರು ಕೊರಳಿನ ಫ್ಲಾಸ್ಕಿನಲ್ಲಿ
ನೀರು, ಅದರ ಮೇಲೆ ಸ್ಟೈರೀನ್,
ಕೈ ಬಿಟ್ಟರೆ ಬೇರೆ ಬೇರೆ ಮಲಗುವ ಜೋಡಿ.
ಕಡೆಗೋಲು ಬಿಡುವುದಿಲ್ಲ,
ನಿಮಿಷಕ್ಕೆ ಮುನ್ನೂರೈವತ್ತು ಸುತ್ತು.

ಎಪ್ಪತ್ತು ಡಿಗ್ರಿ. ನೈಟ್ರೋಜನ್ನಿನ ಗುಳುಗುಳು.
ಚಿಟಿಕೆ ಪರ್‌ಸಲ್ಫೇಟು, ಹಾಲಿಗೆ ಹೆಪ್ಪು ಹಾಕುವಷ್ಟೇ.
ನಡುವೆ ನಿಂತು ರಾಜಿ ಮಾಡಿಸುವ
ಸೋಪು ಮಾತ್ರ ಇಲ್ಲ.

ಹೋದ ಸಲವೂ ಇದೇ ಲೆಕ್ಕ, ಇದೇ ಬಿಸಿ.
ಸೂಕ್ಷ್ಮದರ್ಶಕದ ಚಿತ್ರ ಬಂದಾಗ
ಕಡಲೆ ರಾಶಿಗೆ ರಾಗಿ ಚೆಲ್ಲಿದಂತಿತ್ತು.
ಗೈಡು ಕನ್ನಡಕ ತೆಗೆದು ಒರೆಸಿಕೊಂಡರು.
ವಾರವಿಡೀ ನನ್ನ ಕೈಯನ್ನೇ ಶಂಕಿಸಿದೆ.

ಕಾರಣ ಸಿಕ್ಕಿದ್ದು ಸಿಂಕಿನ ಹತ್ತಿರ.
ಇಪ್ಪತ್ತೇಳು ವರ್ಷದಿಂದ ಗಾಜು ತೊಳೆಯುವ
ಅಟೆಂಡರ್ ಪುಟ್ಟಮಾದಯ್ಯ ಅಂದರು:
"ನಿಮ್ದು ನಾಜೂಕು ಕೆಲ್ಸ ಅಲ್ವಾ ತಾಯಿ,
ಅದ್ಕೇ ಎರಡ್ ಸಲ ಸೋಪಾಕಿ ಉಜ್ಜಿವ್ನಿ."

ಹೇಗೆ ಹೇಳಲಿ, ತೊಳೆಯುವವರಿಗೆ,
ನಿಮ್ಮ ಶುಚಿಯೇ ಇಲ್ಲಿ ಕೊಳೆ ಎಂದು?
ಹೇಳಿದೆ.
ನಾರು ಹಿಂಡಿ ಕಿಟಕಿಯಲ್ಲಿಟ್ಟು
"ಬರೀ ನೀರಾ?" ಅಂದರು.
ಬರೀ ನೀರು. ಬಟ್ಟಿ ಇಳಿಸಿದ್ದು. ಹತ್ತು ಸಲ.

ಮೂರು ನಲವತ್ತು. ಗಾಜಿನೊಳಗೆ ನೀಲಿ ಮಬ್ಬು.
ಹುಟ್ಟುವವೆಲ್ಲ ಈಗಲೇ ಹುಟ್ಟಬೇಕು,
ತಡವಾಗಿ ಬಂದವಕ್ಕೆ ಈ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ.
ಒಂದೇ ಓರಗೆ, ಒಂದೇ ಹಸಿವು,
ಉಂಡು ಉಂಡು ದುಂಡಗಾಗುತ್ತವೆ.
ಪ್ರತಿ ಸರಪಳಿಯ ತುದಿಯಲ್ಲೂ
ಹುಟ್ಟಿಸಿದ್ದು ಬಿಟ್ಟುಹೋದ ಒಂದು ಋಣ.
ರಸಾಯನದ ಪುಸ್ತಕದಲ್ಲಿ ಅದು ಬರೀ ವಿದ್ಯುತ್ತು.
ಅವ್ವ ಹೇಳುವ ಋಣ ಜನರನ್ನು ಕಟ್ಟಿಹಾಕುತ್ತದೆ,
ಇವಕ್ಕೋ, ಅಂಟಿಕೊಳ್ಳದೆ ನಿಲ್ಲಲು
ಇರುವುದೇ ಆ ಋಣ.

ಕರೆಂಟು ಹೋಗಲಿಲ್ಲ, ಪುಣ್ಯ.
ಎಂಟಕ್ಕೆ ಪುಟ್ಟಮಾದಯ್ಯ ಬಂದಾಗ
ಫ್ಲಾಸ್ಕಿನ ತುಂಬ ಹಾಲು.
"ಕೆನೆ ಕಟ್ಟಲ್ವಾ?"
"ಕಟ್ಟಿದ್ರೆ ಕೆಟ್ಟಿತು ಅಂತ."
ಮೂಗಿಗೆ ಟವೆಲು ಹಿಡಿದು ಬಹಳ ಹೊತ್ತು ನೋಡಿದರು.

ಐದನೇ ದಿನ, ಸ್ಲೈಡಿನ ಮೇಲೆ ಒಣಗಿದ ಒಂದು ಹನಿ.
ಕುಕ್ಕರಹಳ್ಳಿ ಕೆರೆಯ ಕಡೆಯ ಕಿಟಕಿಗೆ ಹಿಡಿದರು:
ನೇರ ಹಿಡಿದರೆ ಹಸಿರು,
ಸ್ವಲ್ಪ ವಾಲಿಸಿದರೆ ನೀಲಿ.
"ಯಾವ್ ಬಣ್ಣ ಹಾಕುದ್ರಿ?"
ಯಾವುದೂ ಇಲ್ಲ. ಒಂದೇ ಗಾತ್ರದವು
ಸಾಲಾಗಿ ಕೂತಿವೆ, ಬೆಳಕು ಅದನ್ನೇ ಎಣಿಸುತ್ತಿದೆ.

ಅವರು ನಂಬಲಿಲ್ಲ ಅನಿಸುತ್ತದೆ.
ಮತ್ತೆ ವಾಲಿಸಿದರು, ಮತ್ತೆ ನೆಟ್ಟಗೆ.
ಕೊಡುವ ಮುಂಚೆ, ರೂಢಿಯಂತೆ,
ಹೆಗಲ ಟವೆಲಿನಿಂದ ಒರೆಸಲು ಹೋದ ಕೈ
ಅಲ್ಲೇ ನಿಂತಿತು.