ಕರಿಚಾಮ

ಡಬ್ಬಿ ಬಂದದ್ದು ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ,
ಆರು ರೀಲು, ಒಂದೊಂದರ ಮೇಲೂ ಅರಗಿನ ಮುದ್ರೆ.
ಇರಬೇಕಾದದ್ದು ಏಳು.
ಮುರಿಗೆಪ್ಪ ಲಾಯರು ಕನ್ನಡಕ ಹಣೆಗೇರಿಸಿ
ಚೀಟಿ ಓದಿದರು: ವೆದಾತ್ ಕರಾಚಾಮ್, ಇಸ್ತಾಂಬುಲ್.
ರೈಲ್ವೆ ಗೇಟಿನ ಬಳಿ ಬೋರ್ಡು ಬರೆಯುವ ಪರಸಪ್ಪ
ಕಿವಿಗೆ ಬಿದ್ದಷ್ಟನ್ನು ಬರೆದ:
'ಕರಿಚಾಮ ಅವರ ಕೌಟುಂಬಿಕ ಚಿತ್ರ.
ಹೆಂಗಸರಿಗೆ ಪ್ರತ್ಯೇಕ ಜಾಗ ಇದೆ.'

ಆಗ ಮಿಲ್ಲು ಬಾಗಿಲು ಹಾಕಿ ನಲವತ್ತು ದಿನ.
ಸೈರನ್ನು ಕೂಗದ ದಾವಣಗೆರೆಯಲ್ಲಿ
ಹೊತ್ತೆಷ್ಟಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.
ಪುಕ್ಕಟೆ ಸಿನಿಮಾ ಅಂತ ಕಾರ್ಮಿಕರ ಹಾಲು ತುಂಬಿತು;
ಮಂಡಕ್ಕಿ ಭಟ್ಟಿಯವರೂ ಬಂದರು
ರೆಪ್ಪೆಯ ಮೇಲಿನ ಬೂದಿ ಹಾಗೇ ಇಟ್ಟುಕೊಂಡು.

ದೀಪ ಆರಿತು. ಮೊದಲ ಮಾತಿಗೇ ಗೊತ್ತಾಯಿತು
ಪರದೆಯ ಕೆಳಗೆ ಅಕ್ಷರವಿಲ್ಲ, ಒಂದೂ ಇಲ್ಲ.
ನಡುನಡುವೆ ಒಂದು 'ಕಿತಾಪ್', ಒಂದು 'ದುನ್ಯಾ' ಕೇಳಿ
ಮಷಿನ್ ರೂಮಿನ ಇಮಾಮಸಾಬ ಕಿಂಡಿಯಿಂದ ತಲೆ ಹಾಕಿದ್ದಷ್ಟೇ.
ಮುರಿಗೆಪ್ಪ ಮೈಕು ನನ್ನ ಕೈಗಿಟ್ಟು
'ಪಿಯುಸಿಯಲ್ಲಿ ಇಂಗ್ಲಿಷಿಗೆ ಎಪ್ಪತ್ತು ತಗೊಂಡಿದೀಯಲ್ಲ, ಹೇಳು' ಅಂದರು.

ಹೇಳಿದೆ.
ಮೊದಲು ಅವನ ಜನ್ಮ: ಹತ್ತಿಯ ಊರಿನವನು,
ಅಪ್ಪ ಮಗ್ಗದ ಖಾತೆ, ಅವ್ವ ನೂಲಿನ ಖಾತೆ
(ಹಿಂದಿನ ಸಾಲಿನಿಂದ ಒಂದು 'ಹೌದಾ?')
ಪೋಸ್ಟರಿಗೆ ಗೋಂದು ಬಳಿಯುತ್ತ ಬೆಳೆದ,
ಉಳಿದ ಗೋಂದು ರಾತ್ರಿಯ ಊಟ.
ಆಮೇಲೆ ಕಥೆ: ಬಿಳಿ ಕೋಟಿನವನು ಹುಡುಗಿಯ ಸ್ವಂತ ಅಣ್ಣ,
ಇಬ್ಬರಿಗೂ ಗೊತ್ತಿಲ್ಲ.
ಮೂರನೇ ರೀಲಿನಲ್ಲಿ ಅವನು ಅವಳ ತುಟಿಗೆ ಬಗ್ಗಿದಾಗ
ಬೆವರಿಹೋದೆ. ಗಂಟಲು ಸರಿಮಾಡಿಕೊಂಡು
'ಅಣ್ಣ ಅಲ್ಲವಂತೆ, ಈಗಷ್ಟೇ ಕಾಗದ ಬಂತು' ಅಂದೆ.
ನಕ್ಕರು. ನಂಬಿದರು.
ಹರಿದ ಎಳೆ ಕೂಡಿಸಿ ಕೂಡಿಸಿ ಬೆರಳು ಕಲ್ಲಾಗಿದ್ದ
ಹಾಲಮ್ಮ ಮುಂದಿನ ಸಾಲಿನಲ್ಲಿ ಸೆರಗು ಕಚ್ಚಿ ಕೂತಿದ್ದಳು.

ಆರನೇ ರೀಲು ಮುಗಿದಾಗ ಹುಡುಗಿ ಮೆಟ್ಟಿಲ ಬುಡದಲ್ಲಿ,
ಒಂದು ಕಾಲು ಎತ್ತಿದ್ದಳು.
ಪರದೆ ಬೆಳ್ಳಗಾಯಿತು.

ಎಷ್ಟೋ ವರ್ಷದ ಮೇಲೆ ಅವನನ್ನು ಹುಡುಕಿದೆ.
ಹತ್ತಿಯಿಲ್ಲ, ಗೋಂದಿಲ್ಲ. ಜಡ್ಜಿಯ ಮಗ,
ಪಿಟೀಲು ಕಲಿ ಅಂತ ಕಳಿಸಿದರೆ
ಸ್ಟುಡಿಯೋದ ಹಿಂಬಾಗಿಲಲ್ಲಿ ಚಹಾ ಲೋಟ ಹೊತ್ತವನು.
ಕರಾ ಅಂದರೆ ಅಲ್ಲೂ ಕಪ್ಪೇ;
ಪರಸಪ್ಪ ಅರ್ಧ ಸರಿ ಬರೆದಿದ್ದ.
ನೂರಾ ಹದಿಮೂರು ಚಿತ್ರ. ಒಂದು ವರ್ಷವಂತೂ ಹನ್ನೊಂದು.
ಬಡವಿಯ ಮನೆಗೂ ಸಾಹುಕಾರನ ಬಂಗಲೆಗೂ ಒಂದೇ ಮೆಟ್ಟಿಲು,
ಅವನ ಸ್ವಂತ ಮನೆಯದು, ಬಾಡಿಗೆ ಉಳಿಯಲಿ ಅಂತ.
ಸೆಟ್ಟಿನಲ್ಲಿ ದನಿ ಹಿಡಿಯುವ ಯಂತ್ರವೇ ಇಲ್ಲ.
ನಟರು ಸುಮ್ಮನೆ ಬಾಯಾಡಿಸುವರು;
ತಿಂಗಳಾದ ಮೇಲೆ ಕತ್ತಲ ಕೋಣೆಯಲ್ಲಿ
ಬೇರೆ ಯಾರದೋ ಗಂಟಲು ಅವರ ತುಟಿಗೆ ಹೊಲಿಯುವರು.
ಆ ಹುಡುಗಿಯ ದನಿ ಆ ಹುಡುಗಿಯದಲ್ಲ,
ಉಬ್ಬಸವಿದ್ದ ಒಬ್ಬ ಟೈಪಿಸ್ಟಳದು.

ಓದಿ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತೆ.
ಹಾಗಾದರೆ ಆ ರಾತ್ರಿ ನಾನು
ಸುಳ್ಳು ಹೇಳಿದೆನೋ, ಅವನ ಕೈಕೆಳಗೆ
ಒಂದು ಪಾಳಿ ಕೆಲಸ ಮಾಡಿದೆನೋ.

ಟೀವಿ ಬಂದು ಅವನ ಥೇಟರುಗಳು ಉಗ್ರಾಣವಾದವು.
ಮದುವೆ ವಿಡಿಯೋ ತೆಗೆದ. ವನಸ್ಪತಿ ಜಾಹೀರಾತು ತೆಗೆದ.
ಕೊನೆಗೆ ಯಾರದೋ ಧಾರಾವಾಹಿಯಲ್ಲಿ ಜಡ್ಜಿಯಾಗಿ ಕೂತ,
ಅಪ್ಪನ ಕೋಟನ್ನೇ ತೊಟ್ಟು ಬಂದಿದ್ದನಂತೆ.
ಮನೆ ಮಾರಿದ, ಮೆಟ್ಟಿಲ ಸಮೇತ.

ಹಾಲಮ್ಮನಿಗೆ ಎಂಬತ್ತು ದಾಟಿದೆ. ನಲ್ಲಿಯ ಹತ್ತಿರ
ಸಿಕ್ಕಾಗಲೆಲ್ಲ ಒಂದೇ ಮಾತು:
'ಆ ಹುಡುಗಿ ಮೆಟ್ಲು ಹತ್ತಿದಳೇನಪ್ಪ?'
ಏಳನೇ ರೀಲನ್ನು ಮೊನ್ನೆ ನೋಡಿದೆ, ಮಗಳ ಫೋನಿನಲ್ಲಿ.
ಹತ್ತಿ, ತುದಿಯಿಂದ ಉರುಳುತ್ತಾಳೆ, ಹದಿನೇಳು ಮೆಟ್ಟಿಲು,
ಬಿಳಿ ಕೋಟು ಕೆಂಪಾಗುತ್ತದೆ.
'ಹತ್ತಿದಳು ಬಿಡವ್ವ,' ಅಂದೆ. 'ಮೇಲೆ ಬಾಗಿಲು ತೆಗೆದೇ ಇತ್ತು.'
'ನಂಗೊತ್ತಿತ್ತು. ಕರಿಚಾಮ ನಮ್ಮಂಗೆ ಹತ್ತಿ ಊರೋನು,
ಹೆಣ್ಮಕ್ಕಳ್ನ ಕೊಲ್ಲೋನಲ್ಲ.'
ಅಂದವಳೇ ನಲ್ಲಿ ತಿರುಗಿಸಿದಳು.
ನೀರು ಇನ್ನೂ ಬಿಟ್ಟಿರಲಿಲ್ಲ.