ಒಂಬತ್ತು ಬೀಡಿ ಕಡಿಮೆ

ಸಂಜೆ ಐದೂವರೆಯ ಕಾರ್ಟೂನು ಇಪ್ಪತ್ತೆರಡು ನಿಮಿಷ,
ಜಾಹೀರಾತು ಬೇರೆ.
ಅಷ್ಟರಲ್ಲಿ ನನ್ನ ಕೈ ನಲವತ್ತು ಬೀಡಿ ಸುತ್ತುತ್ತದೆ,
ಕಣ್ಣು ಟೀವಿಯಲ್ಲಿದ್ದರೂ.
ಮಡಿಲಲ್ಲಿ ಮೊರ, ಮೊರದಲ್ಲಿ ಒದ್ದೆ ಎಲೆ, ಹೊಗೆಸೊಪ್ಪಿನ ಹುಡಿ,
ಪಕ್ಕದಲ್ಲಿ ಮಿಸ್ರಿಯಾ, ಅಕ್ಕನ ಮಗಳು, ಮೂರನೇ ಕ್ಲಾಸು,
ಮೊಣಕಾಲಿಗೆ ಗಲ್ಲ ಊರಿ.

ಇವತ್ತು ಎಣಿಸಿದರೆ ಮೂವತ್ತೊಂದು.
ಹಾಗಾದರೆ ಕಥೆ ಚೆನ್ನಾಗಿತ್ತೆಂದು ಲೆಕ್ಕ.

ಪೂರ್ತಿ ಅಲ್ಲ.
ಮೊದಲಿಗೊಂದು ಹಕ್ಕಿ ಬಂತು, ಟೊಪ್ಪಿ ಹಾಕಿದ್ದು,
ಎರಡು ಮಾತಿಗೊಮ್ಮೆ ಜಾರಿ ಬೀಳುವುದು, ನಾವು ನಗಬೇಕಂತೆ.
ನನ್ನ ಕೈ ಓಡಿತು.
ಮೋಡದ ಕಡಲಿನಲ್ಲಿ ದೋಣಿ ಬಂತು:
ಅಲೆ ಮೂರೇ, ಅದದೇ ಮೂರು ತಿರುತಿರುಗಿ,
ಹುಟ್ಟು ಹಾಕುವವ ಒಂದು ಸಲವೂ ಗಾಳಿ ಎತ್ತಲೆಂದು ನೋಡಲಿಲ್ಲ.
ಬೆಂಗ್ರೆಯ ಮಕ್ಕಳಿಗೆ ಇದನ್ನು ತೋರಿಸುವುದೆಂದರೆ
ಮೀನು ಮಾರುವವಳಿಗೆ ಪ್ಲಾಸ್ಟಿಕ್ ಬಂಗುಡೆ ತೂಗಿ ಕೊಟ್ಟ ಹಾಗೆ.
ಮತ್ತೆ ಆ ಕನ್ನಡ!
"ಓ ಗೆಳತಿಯೇ, ನಾವೀಗ ತ್ವರೆ ಮಾಡತಕ್ಕದ್ದು"
ಡ್ರ್ಯಾಗನ್ ಮರಿ ತಾಲೂಕಾಫೀಸಿನ ನೋಟೀಸಿನಂತೆ ಮಾತಾಡುತ್ತದೆ.
ಮಿಸ್ರಿಯಾ ಅದನ್ನೇ ಬ್ಯಾರಿಯಲ್ಲಿ ತಿರುಗಿಸಿ ಹೇಳುತ್ತಾಳೆ,
ಆಗ ಅದಕ್ಕೆ ಬಾಲ ಬರುತ್ತದೆ, ಹಸಿವೆ ಬರುತ್ತದೆ.

ಆಮೇಲೆ ಸೇತುವೆ.
ಹಗ್ಗದ್ದು. ನಡುವಿನಲ್ಲಿ ಮುದುಕಿಯೊಬ್ಬಳು ಸುಂಕಕ್ಕೆ ಕೂತಿದ್ದಾಳೆ.
ಹಣ ಬೇಡವಂತೆ, ಚಿನ್ನ ಬೇಡವಂತೆ.
ದಾಟಬೇಕಾದರೆ ಒಂದು ಸದ್ದು ಕೊಡಬೇಕು,
ಕೊಟ್ಟ ಸದ್ದು ಮತ್ತೆ ನಿನಗೆ ಕೇಳಿಸುವುದಿಲ್ಲ.
ಕೈ ನಿಧಾನವಾಯಿತು.
ಹುಡುಗಿ ಯೋಚಿಸಿ ಯೋಚಿಸಿ
ಅಜ್ಜ ಹೊಡೆಯುತ್ತಿದ್ದ ಸೀಟಿಯನ್ನು ಕೊಟ್ಟಳು.
ಡ್ರ್ಯಾಗನ್ ಮರಿ ಯೋಚಿಸಲಿಲ್ಲ. ಇದ್ದದ್ದೆಲ್ಲ ಕೊಟ್ಟುಬಿಟ್ಟಿತು.

ಟೀವಿ ಸದ್ದಡಗಿತು.
ಸಂಗೀತ ಇಲ್ಲ, ಗಾಳಿ ಇಲ್ಲ, ಏನೂ ಇಲ್ಲ.
ಕೆಟ್ಟಿತೆಂದು ಮಿಸ್ರಿಯಾ ರಿಮೋಟಿನ ಬೆನ್ನಿಗೆ ಬಡಿದಳು,
ಮತ್ತೆ ಅರ್ಥವಾಗಿ ಕೈ ಹಿಂದೆ ತೆಗೆದಳು.
ಡ್ರ್ಯಾಗನ್ ಒಂದು ಸಲ ಕಣ್ಣು ಮುಚ್ಚಿ ತೆರೆಯಿತು. ಅಷ್ಟೇ.
ಆ ರೆಪ್ಪೆ ಬಿಡಿಸಿದ ಕೈ ಯಾರದ್ದೋ,
ಸಾವಿರಕ್ಕೆ ಎಷ್ಟು ಕೊಡುತ್ತಾರೋ ಅದಕ್ಕೆ.
ಆ ಹೊತ್ತಿಗೆ ನಮ್ಮ ಮನೆಯೊಳಗೆ
ಒಂದು ಕಡೆಯಿಂದ ಕಡಲು ಬಂತು, ಇನ್ನೊಂದು ಕಡೆಯಿಂದ ಹೊಳೆ,
ಬಂದರಿಗೆ ಹೊರಟ ಫೆರಿಯ ಇಂಜಿನಿನ ಕೆಮ್ಮು,
ಶೀಟಿನ ಮೇಲೆ ಕಾಗೆಯ ಉಗುರು.
ಬೆರಳಲ್ಲಿ ಅರ್ಧ ಸುತ್ತಿದ ಎಲೆ ಹಾಗೇ ಉಳಿಯಿತು.
ಸೇತುವೆ ದಾಟುವಷ್ಟರಲ್ಲಿ ಒಂಬತ್ತು ಬೀಡಿ ಹೋದವು.

ಅಲ್ಲಿಗೇ ಮುಗಿಸಬಾರದಿತ್ತೇ?
ನಾಲ್ಕು ನಿಮಿಷ ಉಳಿದಿತ್ತಲ್ಲ.
ನೀಲಿ ಕಲ್ಲೊಂದು ಹೊಳೆಯಿತು,
ಮುದುಕಿ ನಕ್ಕಳು, ಇದೆಲ್ಲ ಪರೀಕ್ಷೆ ಎಂದಳು,
ಎಲ್ಲರ ಸದ್ದು ಎಲ್ಲರಿಗೂ ವಾಪಸ್.
ಟೊಪ್ಪಿಯ ಹಕ್ಕಿ ಮತ್ತೊಮ್ಮೆ ಜಾರಿತು. ನನ್ನ ಕೈ ಓಡಿತು.

"ವಾಪಸ್ ಕೊಡುವುದಾದರೆ ತೆಗೊಂಡದ್ದು ಎಂತಕ್ಕೆ?"
ಮಿಸ್ರಿಯಾ ಟೀವಿಗೇ ಕೇಳಿದಳು.
ಟೀವಿ ಬಿಸ್ಕತ್ತು ತೋರಿಸಿತು.

ನನಗೂ ಸಿಟ್ಟು.
ಏಳನೇ ಕ್ಲಾಸಿನ ನಡುವಿನಲ್ಲಿ
ಶಾಲೆಯ ಗಂಟೆಯ ಸದ್ದು ಕೊಟ್ಟು ದಾಟಿದವಳು ನಾನು.
ಯಾವ ಕಲ್ಲೂ ಹೊಳೆಯಲಿಲ್ಲ.
ಹೊಳೆದಿದ್ದರೆ ಬೇಡ ಎನ್ನುತ್ತಿದ್ದೆನೇ?
ಅದು ಬೇರೆ ಮಾತು.

ನಾಳೆ ಬ್ರಾಂಚಿನಲ್ಲಿ ಪದ್ಮಯಣ್ಣ ಕಟ್ಟು ಬಿಚ್ಚಿ
ತೂತಿನ ಎಲೆ, ಸಡಿಲ ನೂಲು ಹುಡುಕಿ ಮುರಿದು ಬಿಸಾಡುತ್ತಾರೆ.
ಈ ಕಥೆಯನ್ನು ಅವರ ಮುಂದಿಟ್ಟರೆ
ತಲೆಯೂ ಹೋದೀತು, ಬುಡವೂ ಹೋದೀತು,
ನಡುವನ್ನು ಮಾತ್ರ ಅವರು ಮೂಸಿ ನೋಡಿ ಬದಿಗಿಟ್ಟಾರು.
ಒಂಬತ್ತು ಯಾಕೆ ಕಡಿಮೆ ಎಂದರೆ ಏನು ಹೇಳಲಿ?
ಡ್ರ್ಯಾಗನ್ ಕಣ್ಣು ಮುಚ್ಚಿತ್ತು ಎನ್ನಲೇ?

ಮಿಸ್ರಿಯಾ ಈಗ ಮ್ಯೂಟ್ ಒತ್ತಿ ಕೂತಿದ್ದಾಳೆ.
ಬಿಸ್ಕತ್ತಿನವರು ಸುಮ್ಮನೆ ಬಾಯಿ ಅಲ್ಲಾಡಿಸುತ್ತಿದ್ದಾರೆ.
ಅವಳ ಮುಖ ಟೀವಿಗೆ,
ಕಿವಿ ಬಾಗಿಲಿಗೆ.